ಅಮ್ಮನ ಖಾತೆಯಲ್ಲಿ ‘ಲೀನ್’ ಅಂತ ಬಂದಿದೆ. ಈ ಪದದ ಅರ್ಥ ಏನು?

ಗೂಡಿನ ಮನೆ (ಶಿಡ್ಲಘಟ್ಟ)

ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ ಎರಡನೇ ವರ್ಷ ಓದುತ್ತಿದ್ದೇನೆ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಜೊತೆಗೆ ಅಮ್ಮ ಒಂದು ಸಣ್ಣ ದಿನಸಿ ಅಂಗಡಿ ನೋಡಿಕೊಳ್ಳುತ್ತಾರೆ.

ಹೋದ ವಾರ ಗೂಡು ಮಾರಿದ ಹಣ ಅಮ್ಮನ ಖಾತೆಗೆ ಬಂತು. ಪಾಸ್‌ಬುಕ್ಕಿನಲ್ಲಿ 22,400 ರೂಪಾಯಿ ಇದೆ. ಎಟಿಎಂನಲ್ಲಿ 20,000 ತೆಗೆಯೋಣ ಅಂತ ಹೋದರೆ ಅಷ್ಟು ಹಣ ಇಲ್ಲ ಅಂತ ತೋರಿಸಿತು. ಬ್ಯಾಂಕಿಗೆ ಹೋಗಿ ಕೇಳಿದ್ದಕ್ಕೆ ಕೌಂಟರಿನವರು ‘6,500 ಲೀನ್ ಆಗಿದೆಯಮ್ಮ’ ಅಂದರಂತೆ. ಹಿಂದೆ ದೊಡ್ಡ ಸಾಲು. ಅಷ್ಟು ಹೇಳಿ ಮುಂದಿನವರನ್ನು ಕರೆದುಬಿಟ್ಟರು.

ಅಮ್ಮ ಮನೆಗೆ ಬಂದು ಅತ್ತೇಬಿಟ್ಟರು. ಅವರ ಕಿವಿಗೆ ಬಿದ್ದದ್ದು ‘ಲೀನ’. ಯಾರಾದರೂ ತೀರಿಕೊಂಡರೆ ‘ಪಂಚಭೂತಗಳಲ್ಲಿ ಲೀನ’ ಅಂತ ಪೇಪರಿನಲ್ಲಿ ಬರುತ್ತದಲ್ಲ, ಹಾಗೆ ಹಣವೂ ಹೋಯಿತು ಅಂದುಕೊಂಡಿದ್ದಾರೆ. ನಾನು ಆ್ಯಪ್ ತೆಗೆದು ನೋಡಿದೆ. ಎಲ್, ಐ, ಇ, ಎನ್ ಅಂತ ಇದೆ. ಡಿಕ್ಷನರಿಯಲ್ಲಿ ಸಾಲಕ್ಕೆ ಸಂಬಂಧಿಸಿದ ಹಕ್ಕು ಅನ್ನೋ ಥರ ಏನೋ ಇದೆ. ಆದರೆ ಅಮ್ಮನ ಹೆಸರಿನಲ್ಲಿ ಯಾವ ಸಾಲವೂ ಇಲ್ಲ. ಬಿ.ಕಾಂ ಓದುತ್ತಿರುವ ನನಗೇ ಇದನ್ನು ಬಿಡಿಸಿ ಹೇಳೋಕೆ ಆಗಲಿಲ್ಲ. ದಯವಿಟ್ಟು ಯಾರಾದರೂ ತಿಳಿಸಿ.

ಕ್ಯಾಷ್ ಕೌಂಟರ್ (ತುಮಕೂರು, ನಿವೃತ್ತ)

ಮಗಳೇ, ಮೊದಲು ಅಮ್ಮನಿಗೆ ಧೈರ್ಯ ಹೇಳು. ಹಣ ಎಲ್ಲೂ ಹೋಗಿಲ್ಲ. 22,400 ರೂಪಾಯಿ ಈಗಲೂ ಅವರ ಹೆಸರಿನಲ್ಲೇ ಇದೆ. ಅದರಲ್ಲಿ 6,500ನ್ನು ಮುಟ್ಟದ ಹಾಗೆ ಹಿಡಿದಿದ್ದಾರೆ, ಅಷ್ಟೇ. ಈಗ ತೆಗೆಯಬಹುದಾದದ್ದು 15,900. ಹಿಡಿದಿಟ್ಟ ಹಣ ಉಳಿತಾಯ ಖಾತೆಯಲ್ಲೇ ಇರುವುದರಿಂದ ಅದಕ್ಕೂ ಬಡ್ಡಿ ಬರುತ್ತದೆ.

ಲೀನ್ ಅಂದರೆ ಹಿಡಿದಿಟ್ಟುಕೊಳ್ಳುವ ಹಕ್ಕು. ವಸ್ತು ನಿನ್ನದು. ನಿನ್ನ ಕಡೆಯಿಂದ ಒಂದು ಬಾಕಿ ಇದೆ, ಇಲ್ಲವೇ ಒಂದು ತಕರಾರು ಇದೆ. ಅದು ತೀರುವ ತನಕ ನಿನ್ನ ವಸ್ತುವನ್ನು ಇನ್ನೊಬ್ಬರು ಬಿಡದೆ ಇಟ್ಟುಕೊಳ್ಳಬಹುದು. ಸಾಲ ಇದ್ದರೇನೇ ಲೀನ್ ಅಂತ ಇಲ್ಲ.

ನನ್ನ ಅನುಭವದಲ್ಲಿ ಉಳಿತಾಯ ಖಾತೆಗೆ ಲೀನ್ ಬೀಳುವುದು ಹೆಚ್ಚಾಗಿ ಈ ಕಾರಣಗಳಿಗೆ. ಕಂತಿನ ಹಣ ಖಾತೆಯಲ್ಲಿ ಇಲ್ಲದೆ ವಾಪಸಾದಾಗ ಅದರ ದಂಡ ಬಾಕಿ ನಿಂತಿರುತ್ತದೆ. ಕಂಪನಿ ಹೊಸದಾಗಿ ಜನರಿಗೆ ಷೇರು ಮಾರುವ ಐಪಿಓಗೆ ಅರ್ಜಿ ಹಾಕಿದ್ದರೆ ಹಂಚಿಕೆ ಆಗುವ ತನಕ ಆ ಹಣ ಹಿಡಿದಿರುತ್ತಾರೆ. ಇದಕ್ಕೆ ‘ಅಸ್ಬಾ’ ಅಂತಾರೆ, ಷೇರು ಮಾರುಕಟ್ಟೆ ನೋಡಿಕೊಳ್ಳುವ ಸೆಬಿ 2008ರಲ್ಲಿ ತಂದ ಪದ್ಧತಿ. ಇನ್ನು ಮೂರನೆಯದು, ಈಗೀಗ ಜಾಸ್ತಿ ಆಗಿರುವುದು, ಸೈಬರ್ ಪೊಲೀಸರಿಂದ ಬರುವ ಸೂಚನೆ. ಅಮ್ಮನ ಅಂಗಡಿಯಲ್ಲಿ ಕ್ಯೂಆರ್ ಕೋಡ್ ಇದೆಯಾ?

ಗೂಡಿನ ಮನೆ (ಶಿಡ್ಲಘಟ್ಟ)

ಇದೆ ಸರ್. ಅದೂ ಇದೇ ಖಾತೆಗೇ ಜೋಡಿಸಿದ್ದೇವೆ. ಐಪಿಓ, ಕಂತು ಯಾವುದೂ ಇಲ್ಲ.

ಚಿಂತಾಮಣಿ ಮೊಬೈಲ್ಸ್

ಹಾಗಿದ್ದರೆ ಬಹುತೇಕ ಮೂರನೆಯದೇ ತಂಗಿ. ನನಗೂ ಹೀಗೇ ಆಗಿತ್ತು. ಹೇಗೆ ಅಂತ ಹೇಳುತ್ತೇನೆ.

ಎಲ್ಲೋ ಯಾರೋ ಒಬ್ಬರಿಗೆ ಫೋನಿನಲ್ಲಿ ಮೋಸ ಆಗುತ್ತದೆ. ಅವರು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡುತ್ತಾರೆ. ಹಣ ಯಾವ ಯಾವ ಖಾತೆ ದಾಟಿತು ಅಂತ ಪೊಲೀಸರು ಹುಡುಕುತ್ತಾ ಹೋಗುತ್ತಾರೆ. ಈ ದೂರಿನ ವ್ಯವಸ್ಥೆ 2021ರಿಂದ ನಡೆಯುತ್ತಿದೆ. ಮೋಸ ಮಾಡಿದವನು ಆ ಹಣದಲ್ಲೇ ನಮ್ಮ ಅಂಗಡಿಯಲ್ಲಿ ಸಾಮಾನು ತಗೊಂಡಿದ್ದರೆ ದಾರಿ ನಮ್ಮ ಖಾತೆಗೂ ಬಂದು ಮುಟ್ಟುತ್ತದೆ. ಆಗ ಅಷ್ಟು ಮೊತ್ತಕ್ಕೆ ಲೀನ್ ಹಾಕುತ್ತಾರೆ. ನಾವು ತಪ್ಪು ಮಾಡಿದ್ದೇವೆ ಅಂತ ಇದರ ಅರ್ಥ ಅಲ್ಲ. ಅಮ್ಮನಿಗೆ ಇದನ್ನು ಒತ್ತಿ ಹೇಳು.

ಮಾಡಬೇಕಾದ್ದು ಇಷ್ಟು. ಬ್ಯಾಂಕಿಗೆ ಬಾಯಲ್ಲಿ ಕೇಳಬೇಡ, ಬರೆದು ಕೊಡು. ಯಾವ ದಿನ, ಎಷ್ಟು ಮೊತ್ತ, ಯಾವ ಠಾಣೆ, ದೂರಿನ ನಂಬರ್ ಯಾವುದು, ನಾಲ್ಕನ್ನೂ ಕೇಳು. ಪತ್ರದ ನಕಲಿಗೆ ಸೀಲು ಹಾಕಿಸಿಕೋ. ಆ ದಿನದ ಬಿಲ್ ಪುಸ್ತಕ ಹುಡುಕಿ 6,500ರ ವ್ಯಾಪಾರ ಯಾವುದು ಅಂತ ನೋಡು. ಬಿಲ್ ನಕಲು, ಯುಪಿಐ ವಿವರ, ಅಮ್ಮನ ಆಧಾರ್ ಸೇರಿಸಿ ಆ ಠಾಣೆಗೆ ಮೇಲ್ ಮಾಡು.

ಒಂದು ಮಾತು ಮಾತ್ರ ಮರೆಯಬೇಡ. ‘ಲೀನ್ ತೆಗೆಸಿಕೊಡುತ್ತೇವೆ, ಫೀ ಕಟ್ಟಿ’ ಅಂತ ಯಾರಾದರೂ ಫೋನ್ ಮಾಡಿದರೆ ಒಂದು ರೂಪಾಯಿ ಕೂಡ ಕೊಡಬೇಡ. ನನಗೆ ಅಂಥ ಎರಡು ಕರೆ ಬಂದಿದ್ದವು.

ಕೊರಟಗೆರೆ ಹಳ್ಳಿಯವ

ಲೀನ್ ಪದ ನನಗೆ ಗೊತ್ತಿರಲಿಲ್ಲ. ಆದರೆ ಮೇಲೆ ಓದುತ್ತಾ ಓದುತ್ತಾ ನಮ್ಮೂರಿನ ದನದ ದೊಡ್ಡಿ ನೆನಪಾಯಿತು. ನಾನು ಚಿಕ್ಕವನಿದ್ದಾಗ ನಮ್ಮ ಎಮ್ಮೆ ಬೇರೆಯವರ ರಾಗಿ ಹೊಲಕ್ಕೆ ನುಗ್ಗಿತ್ತು. ಅವರು ಹಿಡಿದುಕೊಂಡು ಹೋಗಿ ದೊಡ್ಡಿಗೆ ಕೂಡಿಸಿಬಿಟ್ಟರು. ಎಮ್ಮೆ ನಮ್ಮದೇ. ಅಪ್ಪ ದಿನಾ ಹೋಗಿ ನೋಡಿ ಬರೋರು. ಆದರೆ ದಂಡ ಕಟ್ಟುವ ತನಕ ಮನೆಗೆ ಹೊಡೆದುಕೊಂಡು ಬರುವ ಹಾಗಿಲ್ಲ. ಇದೂ ಅದೇ ಅಲ್ವಾ?

ಬಾಗೇಪಲ್ಲಿ ವಕೀಲ

ಅಣ್ಣ, ನೀವು ಹೇಳಿದ್ದು ತುಂಬಾ ಹತ್ತಿರ ಬಂತು. ಕಾನೂನಿನ ಪುಸ್ತಕದಲ್ಲಿ ದೊಡ್ಡಿಯ ದಂಡ ಬೇರೆ ವಿಷಯ. ಆದರೂ ಪದದ ಒಳಗಿರುವ ಭಾವ ಇದೇ. ಒಡೆತನ ಬದಲಾಗಿಲ್ಲ, ಬಿಡುಗಡೆ ಮಾತ್ರ ತಡೆದಿದೆ.

ಕಲಿಯುವವರಿಗೆ ಕಾನೂನಿನ ಬುಡ ಗೊತ್ತಿದ್ದರೆ ಒಳ್ಳೆಯದು. 1872ರ ಭಾರತೀಯ ಕರಾರು ಕಾಯ್ದೆ ತೆಗೆಯಿರಿ. 170ನೇ ಸೆಕ್ಷನ್ನಿನಲ್ಲಿ ಇರುವುದು ನಿರ್ದಿಷ್ಟ ಲೀನ್. ಬ್ಲೌಸ್ ಹೊಲಿಯೋಕೆ ಕೊಟ್ಟಿರುತ್ತೀರಿ. ಹೊಲಿದು ಮುಗಿದಿದೆ. ಕೂಲಿ ಕೊಡದಿದ್ದರೆ ಟೈಲರ್ ಆ ಬ್ಲೌಸನ್ನು ಇಟ್ಟುಕೊಳ್ಳಬಹುದು. ಆದರೆ ಆ ಬ್ಲೌಸಿನ ಕೂಲಿಗೆ ಮಾತ್ರ. ಹೋದ ದೀಪಾವಳಿಯ ಬಾಕಿಗೆ ಈ ಸಲದ ಬ್ಲೌಸ್ ಹಿಡಿಯುವ ಹಾಗಿಲ್ಲ. ಹಿಡಿದದ್ದನ್ನು ಈ ಸೆಕ್ಷನ್ ಹೇಳಿಕೊಂಡು ಮಾರುವ ಹಾಗೂ ಇಲ್ಲ. ಮತ್ತೆ ಒಮ್ಮೆ ಕೈಬಿಟ್ಟು ಕೊಟ್ಟರೆ ಲೀನ್ ಅಲ್ಲಿಗೇ ಹೋಯಿತು. ಬಾಕಿ ಉಳಿಯುತ್ತದೆ, ಹಿಡಿತ ಉಳಿಯುವುದಿಲ್ಲ.

171ನೇ ಸೆಕ್ಷನ್ ಸಾಮಾನ್ಯ ಲೀನ್. ಅದು ಕೆಲವರಿಗೆ ಮಾತ್ರ ಇದೆ. ಬ್ಯಾಂಕಿನವರು, ಸರಕು ತಮ್ಮ ಬಳಿ ಇಟ್ಟುಕೊಂಡು ಮಾರಿಕೊಡುವ ಏಜೆಂಟರು, ಬಂದರಿನಲ್ಲಿ ಸರಕು ಇಳಿಸಿಕೊಂಡು ಇಡುವವರು, ಹೈಕೋರ್ಟಿನ ಅಟಾರ್ನಿಗಳು (ಹಳೇ ಕಾಲದ ಬೇರೆ ವರ್ಗ, ಈಗಿನ ವಕೀಲರಲ್ಲ), ವಿಮಾ ಪಾಲಿಸಿ ದಲ್ಲಾಳಿಗಳು. ಬೇರೆ ಒಪ್ಪಂದ ಇಲ್ಲದಿದ್ದರೆ ಇವರು ಒಟ್ಟು ಲೆಕ್ಕದ ಬಾಕಿಗೆ ಕೈಯಲ್ಲಿರುವ ಸರಕನ್ನು ಹಿಡಿಯಬಹುದು. ಆದರೆ ಜೋಪಾನವಾಗಿ ಇಡಿ ಅಂತ ಮಾತ್ರ ಬ್ಯಾಂಕಿಗೆ ಕೊಟ್ಟ ವಸ್ತುವಿನ ಮೇಲೆ ಈ ಹಕ್ಕು ನಡೆಯುವುದಿಲ್ಲ.

ನಮ್ಮ ವೃತ್ತಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಫೀಸು ಬಾಕಿ ಇದೆ ಅಂತ ವಕೀಲರು ಕಕ್ಷಿದಾರರ ಕೇಸಿನ ಕಾಗದ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ. ಸುಪ್ರೀಂ ಕೋರ್ಟ್ 2000ದಲ್ಲೇ ಇದನ್ನು ಹೇಳಿದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಫೈಲಿಗಾಗಿ ಅಲೆಯುತ್ತಾರೆ.

ಶಿಡ್ಲಘಟ್ಟದ ತಂಗಿಯ ವಿಷಯಕ್ಕೆ ಬಂದರೆ, ಪೊಲೀಸ್ ಸೂಚನೆಯಿಂದ ಬಿದ್ದ ಲೀನ್ 171ರದ್ದಲ್ಲ. ಅಲ್ಲಿ ಬ್ಯಾಂಕಿಗೆ ನಿಮ್ಮಿಂದ ಏನೂ ಬರಬೇಕಾಗಿಲ್ಲ. ಹಣ ತಡೆದಿಡು ಅಂದದ್ದಕ್ಕೆ ತಡೆದಿದೆ. ಬ್ಯಾಂಕಿನ ಕಂಪ್ಯೂಟರಿನಲ್ಲಿ ಯಾವ ಕಾರಣಕ್ಕೆ ಹಣ ತಡೆದರೂ ಒಂದೇ ಹೆಸರು ಲೀನ್. ಗೊಂದಲ ಶುರುವಾಗುವುದೇ ಇಲ್ಲಿ. ಇಂಥ ಪ್ರಕರಣದಲ್ಲಿ ಇಡೀ ಖಾತೆ ನಿಲ್ಲಿಸಬೇಡಿ, ಅನುಮಾನದ ಮೊತ್ತ ಮಾತ್ರ ಹಿಡಿಯಿರಿ ಅಂತ ಕೇರಳ ಹೈಕೋರ್ಟ್ 2023ರಲ್ಲಿ ಹೇಳಿತ್ತು. ನಿಮಗೆ 6,500ಕ್ಕೆ ಮಾತ್ರ ಬಿದ್ದಿದೆ, ಅದೇ ಸರಿಯಾದ ರೀತಿ.

ತಿಪಟೂರು ಕೊಬ್ಬರಿ

ಎಲ್ಲಾ ಸರಿ. ಆದರೆ ಸುಮ್ನೆ ಯಾಕೆ ಇಷ್ಟು ಸುತ್ತು? ಲೀನ್ ಅಂದರೆ ಅಡಮಾನ ಅಂತ ಹೇಳಿದರೆ ಮುಗೀತಲ್ಲ. ಎಲ್ಲರಿಗೂ ಅರ್ಥ ಆಗುತ್ತದೆ.

ಮುಳಬಾಗಿಲು ಮೇಷ್ಟ್ರು

ಇಲ್ಲ ಸ್ವಾಮಿ, ಅಲ್ಲಿಗೆ ಮುಗಿಯುವುದಿಲ್ಲ. ನಾನು ಮೂವತ್ತು ವರ್ಷ ಪಿಯು ಮಕ್ಕಳಿಗೆ ವಾಣಿಜ್ಯ ಪಾಠ ಮಾಡಿದವನು. ಉತ್ತರ ಪತ್ರಿಕೆಯಲ್ಲಿ ನಾನು ಜಾಸ್ತಿ ತಿದ್ದಿದ ತಪ್ಪು ಇದೇ. ಅದಕ್ಕೇ ಬಿಡಿಸಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನೀವು ಒಡವೆ ತಗೊಂಡು ಹೋಗಿ ಗಿರವಿ ಅಂಗಡಿಯಲ್ಲಿ ಇಡುತ್ತೀರಿ. ಸಾಲ ಬೇಕು ಅಂತ ನೀವೇ ಕೈಯಾರೆ ಕೊಟ್ಟದ್ದು. ಇದು ಪ್ಲೆಡ್ಜ್. ಕನ್ನಡದಲ್ಲಿ ಗಿರವಿ, ಅಡವು. ನಮ್ಮ ಗಡಿ ಕಡೆ ತೆಲುಗು ಆಡುವ ಮನೆಗಳಲ್ಲಿ ತಾಕಟ್ಟು ಅಂತಾರೆ. ಸಾಲ ತೀರಿಸದಿದ್ದರೆ ತಕ್ಕ ನೋಟಿಸ್ ಕೊಟ್ಟು ಅವರು ಒಡವೆ ಮಾರಬಹುದು. ಕರಾರು ಕಾಯ್ದೆಯ 176ನೇ ಸೆಕ್ಷನ್ ಆ ಅಧಿಕಾರ ಕೊಡುತ್ತದೆ. ಟೈಲರಿಗೆ ಆ ಅಧಿಕಾರ ಇಲ್ಲ ಅಂತ ವಕೀಲರು ಆಗಲೇ ಹೇಳಿದರು.

ಜಮೀನು, ಮನೆ ಇಟ್ಟರೆ ಮಾರ್ಟ್‌ಗೇಜ್. ಅಡಮಾನ ಅನ್ನೋ ಪದ ಸರಿಯಾಗಿ ಕೂರುವುದು ಇಲ್ಲಿ. ಅದಕ್ಕೆ ಕಾನೂನೇ ಬೇರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆ. ಟ್ರ್ಯಾಕ್ಟರ್ ಸಾಲಕ್ಕೆ ಟ್ರ್ಯಾಕ್ಟರ್ ನಿಮ್ಮ ಹಟ್ಟಿಯಲ್ಲೇ ಇರುತ್ತದೆ, ಆರ್‌ಸಿಯಲ್ಲಿ ಮಾತ್ರ ಬ್ಯಾಂಕಿನ ಹೆಸರು ಬರುತ್ತದೆ. ಅದು ಹೈಪಾಥಿಕೇಷನ್.

ಈ ಮೂರೂ ನೀವು ಸಾಲ ಕೇಳಿ, ಮಾತಾಡಿ, ಸಹಿ ಹಾಕಿ ಕೊಟ್ಟವು. ಲೀನ್ ಹಾಗೆಯೇ ಬರಬೇಕು ಅಂತಿಲ್ಲ. ಕೇಳದೆಯೂ ಬೀಳುತ್ತದೆ. ಈ ತಾಯಿಗೆ ಬಿದ್ದಿದೆಯಲ್ಲ, ಹಾಗೆ. ಅವರಿಗೆ ‘ನಿಮ್ಮ ಹಣ ಅಡಮಾನ ಆಗಿದೆ’ ಅಂದಿದ್ದರೆ ‘ನಾನ್ಯಾವಾಗ ಸಾಲ ಮಾಡಿದೆ’ ಅಂತ ಇನ್ನೂ ಹೆದರುತ್ತಿದ್ದರು.

ಈಗ ಪದದ ಹುಟ್ಟು. ಲ್ಯಾಟಿನ್ನಿನಲ್ಲಿ ‘ಲಿಗಾರೆ’ ಅಂದರೆ ಕಟ್ಟು, ಬಿಗಿ. ಅದರಿಂದ ‘ಲಿಗಾಮೆನ್’, ಅಂದರೆ ಕಟ್ಟುವ ಹಗ್ಗ. ಅದು ಫ್ರೆಂಚಿಗೆ ಹೋಗಿ ‘ಲಿಯೆನ್’ ಆಯಿತು. ಅಲ್ಲಿಂದ ಇಂಗ್ಲಿಷಿಗೆ ಬಂತು. ಮೂಳೆಗಳನ್ನು ಒಂದಕ್ಕೊಂದು ಕಟ್ಟುವ ‘ಲಿಗಮೆಂಟ್’ ಇದೇ ಬೇರಿನದು. ಹೊಣೆ ಅನ್ನೋ ಅರ್ಥದ ‘ಲಯಬಲ್’, ‘ಆಬ್ಲಿಗೇಷನ್’ ಕೂಡ ಇದೇ ಮನೆಯವು. ನಾವೂ ಹಾಗೇ ಅಲ್ವಾ, ಕಟ್ಟುಪಾಡು ಅಂತೀವಿ, ಮಾತಿಗೆ ಕಟ್ಟುಬಿದ್ದೆ ಅಂತೀವಿ. ಹಾಗಾಗಿ ಆ ಅಮ್ಮನಿಗೆ ‘ಹಣ ಲೀನವಾಗಿಲ್ಲ, ಕಟ್ಟಿಹಾಕಿದ್ದಾರೆ’ ಅಂತ ಹೇಳಿ. ಸಂಸ್ಕೃತದ ಲೀನಕ್ಕೂ ಇದಕ್ಕೂ ನಂಟಿಲ್ಲ. ಒಂದು ಕರಗಿಸುವುದು, ಇನ್ನೊಂದು ಕಟ್ಟುವುದು. ಕಿವಿಗೆ ಮಾತ್ರ ಒಂದೇ ಥರ ಕೇಳಿಸುತ್ತವೆ.

ಉಚ್ಚಾರ ಎರಡೂ ನಡೆಯುತ್ತದೆ, ‘ಲೀನ್’ ಅಥವಾ ‘ಲೀಯನ್’. ‘ಲೈನ್’ ಅನ್ನಬೇಡಿ.

ಬಳಕೆಗೆ ಬರೋಣ. ಇಂಗ್ಲಿಷಿನಲ್ಲಿ ಲೀನ್ ಜೊತೆ ಬರುವುದು ‘ಆನ್’. ‘ದ ಬ್ಯಾಂಕ್ ಹ್ಯಾಸ್ ಎ ಲೀನ್ ಆನ್ ದ ಡಿಪಾಸಿಟ್.’ ಕನ್ನಡದಲ್ಲೂ ‘ಡಿಪಾಸಿಟ್ ಮೇಲೆ ಲೀನ್ ಇದೆ’ ಅಂತಲೇ ಅನ್ನುತ್ತೇವೆ, ಹಾಗಾಗಿ ನೆನಪಿಡೋದು ಸುಲಭ. ಹಾಕುವುದಕ್ಕೆ ‘ಮಾರ್ಕ್’, ತೆಗೆಯುವುದಕ್ಕೆ ‘ರಿಲೀಸ್’, ‘ಲಿಫ್ಟ್’, ‘ರಿಮೂವ್’. ಮಕ್ಕಳು ಲೋನ್ ಜೊತೆ ಕಲಸಿಕೊಂಡು ‘ಐ ಟುಕ್ ಎ ಲೀನ್ ಫ್ರಮ್ ದ ಬ್ಯಾಂಕ್’ ಅಂತ ಬರೆಯುತ್ತಾರೆ. ತಪ್ಪು. ಸಾಲ ತಗೊಳ್ಳುವವರು ನೀವು. ಲೀನ್ ಇರುವುದು ಬ್ಯಾಂಕಿನ ಕೈಯಲ್ಲಿ.

ತಿಪಟೂರು ಕೊಬ್ಬರಿ

ಮೇಷ್ಟ್ರೇ, ಒಪ್ಪಿದೆ. ನಾನು ಆ ಪದ ಅವಸರದಲ್ಲಿ ಬರೆದದ್ದು. ನೀವು ಬರೆದದ್ದು ಓದಿದ ಮೇಲೆ ನನ್ನದೇ ಒಂದು ವಿಷಯ ತಿಳಿಯಾಯಿತು. ಬೆಲೆ ಬಿದ್ದಾಗ ನಾವು ಸರಕು ಮಾರದೆ ಗೋದಾಮಿನಲ್ಲಿ ಇಡುತ್ತೇವೆ. ರಸೀದಿ ಮೇಲೆ ಬ್ಯಾಂಕಿನಲ್ಲಿ ಸಾಲ ತಗೊಂಡರೆ ಅದು ಪ್ಲೆಡ್ಜ್. ಆದರೆ ಸಾಲ ತೀರಿದ ಮೇಲೂ ಗೋದಾಮಿನವರು ಬಾಡಿಗೆ ಬಾಕಿ ಇದೆ ಅಂತ ಚೀಲ ಬಿಡದೇ ಇರಬಹುದು. ಅದು ಲೀನ್. ಸರಿಯಾ?

ಬಾಗೇಪಲ್ಲಿ ವಕೀಲ

ಸರಿಯಾಗಿಯೇ ಹಿಡಿದಿದ್ದೀರಿ. ನೋಂದಾಯಿತ ಗೋದಾಮಿನವರಿಗೆ ಬಾಡಿಗೆಯ ಬಾಕಿಗೆ ಲೀನ್ ಇದೆ ಅಂತ 2007ರ ಉಗ್ರಾಣ ಕಾಯ್ದೆ ಹೇಳುತ್ತದೆ. ಹಾಗೇ ನೀವು ಸರಕು ಮಾರಿ, ಹಣ ಕೈಗೆ ಬರದೆ, ಸರಕು ಇನ್ನೂ ನಿಮ್ಮ ಹತ್ತಿರವೇ ಇದ್ದರೆ ಲೀನ್ ನಿಮಗೂ ಇರುತ್ತದೆ. 1930ರ ಸರಕು ಮಾರಾಟ ಕಾಯ್ದೆಯಲ್ಲಿ ಅದು ಹಣ ಸಿಗದ ಮಾರಾಟಗಾರನ ಹಕ್ಕು. ಉದ್ದರಿ ಕೊಟ್ಟಿದ್ದರೆ ಮಾತ್ರ ಗಡುವು ಮುಗಿಯುವ ತನಕ ಅದನ್ನು ಹೇಳುವ ಹಾಗಿಲ್ಲ.

ಗೌರಿಬಿದನೂರು ಟೀಚರ್

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಸರ್ಕಾರಿ ಶಾಲೆಯಲ್ಲಿ ಇದ್ದೇನೆ. ನಮ್ಮಲ್ಲಿ ಬೇರೆ ಇಲಾಖೆಗೆ ಆಯ್ಕೆ ಆದವರು ‘ನನ್ನ ಲೀನ್ ಹಳೇ ಹುದ್ದೆಯಲ್ಲಿದೆ’ ಅಂತಾರೆ. ಅದೂ ಇದೇ ಪದನಾ?

ಮುಳಬಾಗಿಲು ಮೇಷ್ಟ್ರು

ಹೌದಮ್ಮ, ಇದೇ ಪದ, ಇದೇ ಅಕ್ಷರ. ಹಳೆಯ ಹುದ್ದೆಗೆ ವಾಪಸ್ ಬರುವ ಹಕ್ಕು ಅನ್ನೋದು ಅಲ್ಲಿನ ಅರ್ಥ. ಅಲ್ಲೂ ಹಗ್ಗದ ಭಾವವೇ. ನೀವು ಬೇರೆ ಕಡೆ ಹೋದರೂ ಆ ಹುದ್ದೆಗೆ ನಿಮ್ಮ ಕಟ್ಟು ಬಿಚ್ಚಿಲ್ಲ. ಕೇಂದ್ರ ಸರ್ಕಾರದ ನೌಕರರಿಗೆ ಸಾಮಾನ್ಯವಾಗಿ 2 ವರ್ಷ ಇಡುತ್ತಾರೆ. ಬ್ಯಾಂಕಿನಲ್ಲಿ ಲೀನ್ ಅಂದರೆ ಇನ್ನೊಬ್ಬರ ಹಿಡಿತ, ನೌಕರಿಯಲ್ಲಿ ಲೀನ್ ಅಂದರೆ ನಿಮ್ಮದೇ ಹಿಡಿತ. ಪರೀಕ್ಷೆಗೆ ಓದುವವರು ಇದನ್ನು ಗುರುತು ಹಾಕಿಕೊಳ್ಳಿ.

ಕ್ಯಾಷ್ ಕೌಂಟರ್ (ತುಮಕೂರು, ನಿವೃತ್ತ)

ಎಫ್‌ಡಿ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಈ ಪದ ನಮ್ಮ ಜನಕ್ಕೆ ಎದುರಾಗುವ ಇನ್ನೊಂದು ಜಾಗ ಅದು.

2 ಲಕ್ಷದ ಎಫ್‌ಡಿ ಇದೆ ಅಂದುಕೊಳ್ಳಿ. ಮಗಳ ಕಾಲೇಜು ಫೀಸಿಗೆ ಒಂದೂವರೆ ಲಕ್ಷ ಬೇಕು. ಎಫ್‌ಡಿ ಮುರಿಯುವ ಬದಲು ಅದರ ಮೇಲೆ ಸಾಲ ತಗೊಳ್ಳಬಹುದು. ಸಾಮಾನ್ಯವಾಗಿ ಶೇ 90ರ ತನಕ ಕೊಡುತ್ತಾರೆ. ಆಗ ಎಫ್‌ಡಿ ಮೇಲೆ ಲೀನ್ ಹಾಕುತ್ತಾರೆ. ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ, ಸಾಲಕ್ಕೆ ಅದಕ್ಕಿಂತ ಸ್ವಲ್ಪ ಜಾಸ್ತಿ ಬಡ್ಡಿ ಹೋಗುತ್ತದೆ. ಸಾಲ ತೀರುವ ತನಕ ಎಫ್‌ಡಿ ಮುರಿಯುವ ಹಾಗಿಲ್ಲ.

ಸಾಲ ತೀರಿದ ದಿನ ತಪ್ಪದೆ ಒಂದು ಕೆಲಸ ಮಾಡಿ. ‘ಲೀನ್ ತೆಗೆದಿದ್ದೀರಾ’ ಅಂತ ಕೇಳಿ, ಕಂಪ್ಯೂಟರಿನಲ್ಲಿ ತೋರಿಸಿ ಅನ್ನಿ. ಸಾಲದ ಖಾತೆ ಮುಚ್ಚಿಯೂ ಎಫ್‌ಡಿ ಮೇಲಿನ ಗುರುತು ತೆಗೆಯದೇ ಉಳಿದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒಬ್ಬ ಅಜ್ಜಿ ಆಸ್ಪತ್ರೆ ಖರ್ಚಿಗೆ ಎಫ್‌ಡಿ ಮುರಿಸೋಕೆ ಬಂದಾಗ ಹಳೇ ಲೀನ್ ಅಡ್ಡ ಬಂತು. ಸಾಲ ತೀರಿ ವರ್ಷವಾಗಿತ್ತು. ಅವತ್ತೇ ತೆಗೆಸಿ ಕೊಟ್ಟೆವು, ಆದರೆ ಅವರು ಮೂರು ಗಂಟೆ ಬೆಂಚಿನ ಮೇಲೆ ಕಾದರು. ಅದು ನನಗೆ ಇವತ್ತಿಗೂ ಮನಸ್ಸಿನಲ್ಲಿದೆ.

ವಾಹನಕ್ಕಾದರೆ ಸಾಲ ತೀರಿದ ಮೇಲೆ ಬ್ಯಾಂಕಿನ ಎನ್‌ಓಸಿ (ನಮ್ಮ ಅಭ್ಯಂತರ ಇಲ್ಲ ಅನ್ನುವ ಪತ್ರ) ಜೊತೆ ಆರ್‌ಟಿಓಗೆ ಫಾರಂ 35 ಕೊಟ್ಟು ಆರ್‌ಸಿಯಿಂದ ಹೆಸರು ತೆಗೆಸಬೇಕು. ಮನೆ, ಜಮೀನಿನ ಪತ್ರವಾದರೆ ಸಾಲ ಪೂರ್ತಿ ತೀರಿದ 30 ದಿನದೊಳಗೆ ವಾಪಸ್ ಕೊಡಬೇಕು. ತಮ್ಮ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಬ್ಯಾಂಕೇ ಕೊಡಬೇಕು. 2023ರ ಡಿಸೆಂಬರ್ 1ರಿಂದ ರಿಸರ್ವ್ ಬ್ಯಾಂಕಿನ ಈ ನಿಯಮ ಜಾರಿಯಲ್ಲಿದೆ.

ಮಾಲೂರು ಟೊಮ್ಯಾಟೊ

ಸರ್, ನಮ್ಮ ಪಹಣಿಯ 11ನೇ ಕಲಂನಲ್ಲಿ ಬೆಳೆ ಸಾಲ ಅಂತ ಬ್ಯಾಂಕಿನ ಹೆಸರು ಬಂದಿದೆ. ಅದಕ್ಕೂ ಲೀನ್ ಅನ್ನಬಹುದಾ?

ಬಾಗೇಪಲ್ಲಿ ವಕೀಲ

ಮಾತಿನಲ್ಲಿ ಕೆಲವರು ಅಂತಾರೆ. ಸರಿಯಾದ ಪದ ‘ಚಾರ್ಜ್’. ಕನ್ನಡದಲ್ಲಿ ಋಣಭಾರ. ನಿಮ್ಮ ಇ.ಸಿ. (ಋಣಭಾರ ಪ್ರಮಾಣಪತ್ರ) ಮೇಲೂ ಇದೇ ಪದ ಇರುತ್ತದೆ ನೋಡಿ. ಭೂಮಿ ನಿಮ್ಮ ಸ್ವಾಧೀನದಲ್ಲೇ ಇದೆ, ನೀವೇ ಉಳುತ್ತಿದ್ದೀರಿ. ನಮ್ಮ ಕಾನೂನಿನ ಲೀನ್‌ಗೆ ವಸ್ತು ಹಕ್ಕು ಹೇಳುವವರ ಕೈಯಲ್ಲಿರಬೇಕು. ಅಮೆರಿಕದ ಇಂಗ್ಲಿಷಿನಲ್ಲಿ ಮಾತ್ರ ಮನೆ, ಕಾರು ಎಲ್ಲದರ ಮೇಲಿನ ಸಾಲದ ಹಕ್ಕಿಗೂ ಲೀನ್ ಅಂತಾರೆ. ಇಂಟರ್‌ನೆಟ್ಟಿನಲ್ಲಿ ಓದಿ ಕಲಿಯುವ ಮಕ್ಕಳು ಇಲ್ಲಿ ಎಡವುತ್ತಾರೆ.

ಗೂಡಿನ ಮನೆ (ಶಿಡ್ಲಘಟ್ಟ)

ಎಲ್ಲರಿಗೂ ಮತ್ತೆ ನಮಸ್ಕಾರ. ಐದು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಲೀನ್ ತೆಗೆದಿದ್ದಾರೆ!

ಬರೆದು ಕೊಟ್ಟ ಮೂರನೇ ದಿನ ಬ್ಯಾಂಕಿನವರು ವಿವರ ಕೊಟ್ಟರು. ಬೇರೆ ರಾಜ್ಯದ ಒಂದು ಠಾಣೆಯ ದೂರು. ಬಿಲ್ ಪುಸ್ತಕ ನೋಡಿದೆವು. ಯಾರೋ ಗೃಹಪ್ರವೇಶ ಅಂತ ಹೇಳಿ ಅಕ್ಕಿ, ಬೇಳೆ, ಎಣ್ಣೆ ಎಲ್ಲಾ ಸೇರಿ 6,500ರ ಸಾಮಾನು ತಗೊಂಡು ಸ್ಕ್ಯಾನ್ ಮಾಡಿ ಹೋಗಿದ್ದರು. ಆ ಬಿಲ್ ಅಮ್ಮನ ಕೈಬರಹದಲ್ಲೇ ಇತ್ತು. ಅದರ ಫೋಟೊ, ಯುಪಿಐ ವಿವರ ಎಲ್ಲಾ ಮೇಲ್ ಮಾಡಿದೆ. ಎರಡು ಸಲ ನೆನಪಿಸಬೇಕಾಯಿತು. ಚಿಂತಾಮಣಿ ಅಣ್ಣ ಹೇಳಿದ ಹಾಗೆ ಒಂದು ಕರೆಯೂ ಬಂತು, 500 ಕಟ್ಟಿ ಅಂತ. ಅಮ್ಮನೇ ಫೋನ್ ಇಟ್ಟುಬಿಟ್ಟರು.

ಕೊರಟಗೆರೆ ಅಣ್ಣ, ನಿಮ್ಮ ದನದ ದೊಡ್ಡಿ ಕಥೆ ಹೇಳಿದ ಮೇಲೇ ಅಮ್ಮನಿಗೆ ಸಮಾಧಾನ ಆದದ್ದು. ಈ ಐದು ವಾರ ‘ನಮ್ಮ ಎಮ್ಮೆ ಇನ್ನೂ ದೊಡ್ಡಿಯಲ್ಲೇ ಇದೆಯಾ’ ಅಂತಲೇ ಕೇಳುತ್ತಿದ್ದರು. ನಿನ್ನೆ ಹಣ ತೆಗೆದು ಚಾಕಿ ಹುಳು (ಮರಿ ರೇಷ್ಮೆ ಹುಳು) ತಂದುಕೊಟ್ಟವರ ಬಾಕಿ ಕೊಟ್ಟೆವು.

ಮೇಷ್ಟ್ರೇ, ಒಂದು ವಾಕ್ಯ ಬರೆದಿದ್ದೇನೆ, ತಿದ್ದಿಕೊಡಿ. ‘ದ ಬ್ಯಾಂಕ್ ರಿಲೀಸ್ಡ್ ದ ಲೀನ್ ಆನ್ ಮೈ ಮದರ್ಸ್ ಅಕೌಂಟ್ ಯೆಸ್ಟರ್‌ಡೇ.’

ಮುಳಬಾಗಿಲು ಮೇಷ್ಟ್ರು

ತಿದ್ದುವುದಕ್ಕೆ ಏನೂ ಇಲ್ಲ ಕಣಮ್ಮ. ಅಮ್ಮನಿಗೂ ಓದಿ ಹೇಳು.